ನಗುವಿನ ಮೇಲೆ ನಿಂತ ಹೊಲ

ಸಂಜೆ ಏಳಾಗುವ ಮೊದಲೇ ನಿಂಬೆವ್ವ ಹಲ್ಲಿನ ಸೆಟ್ಟು ಹಾಕಿಕೊಂಡು ಟಿವಿಯ ಮುಂದೆ ಕೂತಳು. ಹಲ್ಲು ಕಾಣದ ನಗುವನ್ನು ಟಿವಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಿಲ್ಲೆಯೆಲ್ಲ ಕಾಂಕ್ರೀಟಾಗಿ ಮಣ್ಣು ಉಳಿದಿರುವುದು ಒಂದೇ ಕಡೆ, ‘ಹೊಲದಾಗ ಹೀರೋ’ ಧಾರಾವಾಹಿಯ ಎರಡೆಕರೆಯಲ್ಲಿ. ಮೊದಲು ಅದು ನಿಂಬೆವ್ವನ ಹೊಲ. ಈಗ ಅಲ್ಲಿ ಸಿನಿಮಾ ನಟ ವಿರಾಜ್ ಒಕ್ಕಲುತನ ಕಲಿಯುತ್ತಾನೆ. ಅವನು ತಪ್ಪಿದಾಗೆಲ್ಲ ಮನೆಮನೆಯಲ್ಲಿ ಜನ ನಗುತ್ತಾರೆ, ಟಿವಿ ಅವರ ಮುಖ ನೋಡಿ ನಗು ಎಣಿಸಿಕೊಳ್ಳುತ್ತದೆ. ನಗು ಕಡಿಮೆಯಾದರೆ ಧಾರಾವಾಹಿ ನಿಲ್ಲುತ್ತದೆ, ಹೊಲಕ್ಕೆ ಕಾಂಕ್ರೀಟು ಬೀಳುತ್ತದೆ.

ಹೋದ ವಾರ ವಿರಾಜ್ ನೊಗವನ್ನು ತಲೆಕೆಳಗಾಗಿ ಕಟ್ಟಿದ್ದ. ನಿಂಬೆವ್ವನಿಗೆ ನಿಜವಾಗಿಯೇ ನಗು ಬಂದಿತ್ತು.

ಇವತ್ತು ಅವನು ರಂಟೆ ಹೊಡೆದು ಹೊಲ ಉಳುತ್ತ ಬನ್ನಿಗಿಡದ ಬುಡದ ದಿಬ್ಬದತ್ತ ಎತ್ತು ತಿರುಗಿಸಿದ.

“ಏ ತಮ್ಮಾ, ಅತ್ತ ಹೋಗಬ್ಯಾಡೋ!” ನಿಂಬೆವ್ವ ಕೂಗಿದಳು. “ಅಲ್ಲಿ ನಮ್ಮ ಯಜಮಾನ್ರು ಮಲಗ್ಯಾರ!”

ಗಂಡನನ್ನು ಮಣ್ಣು ಮಾಡಿದ್ದು ಅಲ್ಲೇ. ರಂಟೆ ದಿಬ್ಬವನ್ನು ಸೀಳಿತು. ವಿರಾಜ್ ಎಡವಿ ಮುಖ ಅಡಿಯಾಗಿ ಬಿದ್ದ. ಅಕ್ಕಪಕ್ಕದ ಮನೆಗಳಲ್ಲಿ ಜನ ಬಿದ್ದು ಬಿದ್ದು ನಗುವುದು ಕೇಳಿಸಿತು. ನಿಂಬೆವ್ವನ ಟಿವಿಯ ಮೂಲೆಯಲ್ಲಿ ಮಾತ್ರ ಕೆಂಪು ದೀಪ ಮಿಣುಕತೊಡಗಿತು: ಈ ಮನೆಯ ಒಂದು ನಗು ಬಂದಿಲ್ಲ.

“ಯವ್ವಾ, ನಗು,” ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು ಸುವರ್ಣಾ. ಅವಳು ಆಗಲೇ ಹಲ್ಲು ಕಿರಿದಿದ್ದಳು, ಕಣ್ಣಲ್ಲಿ ನೀರಿತ್ತು. “ಇಲ್ಲಾಂದ್ರ ಅಪ್ಪನ ಮ್ಯಾಲ ಕಾಂಕ್ರೀಟ್ ಸುರೀತಾರ.”

ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಟಿವಿಯ ಹತ್ತಿರ ಹೋಗಿ ಬಾಯ್ತುಂಬ ನಕ್ಕಳು. ದೀಪ ಆರಿತು.

ತೆರೆಯ ಮೇಲೆ ಅಕ್ಷರ ಮೂಡಿದವು: ‘ನೀವೆಲ್ಲ ಇಷ್ಟೊಂದು ನಕ್ಕಿದ್ದರಿಂದ, ಇದೇ ದೃಶ್ಯ ಮತ್ತೊಮ್ಮೆ.’