ಕೆಂಪು ಬಟ್ಟೆಯ ಗಂಟುಗಳು

ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಬಡಿದರೆ ಇಂದಿಗೂ ನನಗೆ ಮೊದಲು ಬರುವುದು ಹೊಟ್ಟೆಕಿಚ್ಚು.

ಮುಳಬಾಗಿಲಿನ ರೇಷ್ಮೆ ಬೆಳೆಗಾರರ ಸಂಘವೊಂದರಲ್ಲಿ ಹಳೆಯ ಕಡತಗಳ ಕೋಣೆ ಅಪ್ಪನ ಸುಪರ್ದಿಯಲ್ಲಿತ್ತು. ಅದರ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಅವನು ಕಡತಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಬೇವಿನೆಲೆ, ನುಸಿಗುಳಿಗೆ ಹಾಕಿ, ಹೊಸ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದ. ನಾನು ಹಾಕಿಕೊಳ್ಳುತ್ತಿದ್ದದ್ದು ಅಕ್ಕನ ಹಳೆಯ ಲಂಗ. ಅಂಥ ಒಂದು ಬೇಸಿಗೆಯ ಮಧ್ಯಾಹ್ನ ಅಪ್ಪನಿಗೆ ಊಟದ ಕ್ಯಾರಿಯರ್ ತಂದವಳು, ಜಡೆಗೆ ಕಟ್ಟಿಕೊಳ್ಳಲು ಆ ಬಟ್ಟೆಯ ಒಂದು ತುಂಡು ಕೇಳಿದೆ.

"ಅದು ಆಫೀಸಿಂದು ಕಣಮ್ಮ. ಮುಟ್ಬೇಡ, ಕೈಯೆಲ್ಲಾ ಎಣ್ಣೆ," ಎಂದ.

ಅಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಅಪ್ಪ ಅಂಗಿ ಬಿಚ್ಚಿ ಕಡತಗಳಿಗೆ ಹೊದಿಸಿದ. ಹಸುಗೂಸನ್ನು ಎತ್ತಿಕೊಂಡಂತೆ ಒಂದೊಂದನ್ನೇ ಎದೆಗವಚಿಕೊಂಡು ಒಳಗೆ ಓಡಿದ. ನಾನು ಬೇಕೆಂದೇ ಅಂಗಳದ ನಡುವೆ ನಿಂತೆ. ಕೊನೆಯ ಕಡತವನ್ನು ಟವೆಲ್ಲಿನಿಂದ ಒತ್ತಿ ಒರೆಸುವವರೆಗೂ ಅವನು ನನ್ನ ಕಡೆ ತಿರುಗಲಿಲ್ಲ.

ಮನೆಯಲ್ಲಿ ಅಮ್ಮ ರೇಗಿದಳು. "ಏನ್ರೀ, ಮಗು ಹಿಂಗೆ ತೊಪ್ಪೆ ಆಗೈತೆ!"

"ಮಗು ಒಣಗ್ತೈತೆ ಕಣೇ," ಎಂದ ಅಪ್ಪ. "ನೆಂದಿದ್ ಕಾಗ್ದ ಒಣಗಿದ್ರೂ, ಅಳಿಸಿಹೋದ ಅಕ್ಷರ ತಿರ್ಗಾ ಬರಲ್ಲ."

ನನಗೆ ಜ್ವರ ಬರಲಪ್ಪಾ ಎಂದು ಕುರುಡುಮಲೆ ಗಣಪನಿಗೆ ಹರಕೆ ಹೊತ್ತು ಮಲಗಿದೆ. ಬೆಳಗ್ಗೆ ಹಣೆ ಮುಟ್ಟಿಕೊಂಡರೆ ತಣ್ಣಗಿತ್ತು.

ಅಪ್ಪ ಆಗಲೇ ಹೊರಟುಹೋಗಿದ್ದ, ಕಡತಗಳಿಗೆ ತೇವ ಹತ್ತಿದೆಯೇನೋ ಎಂದು ಮುಟ್ಟಿ ನೋಡಲು.