ದೋಣಿಯ ತಳದ ತೂತು

ಏಕಾದಶಿಯ ಬೆಳಿಗ್ಗೆ, ತಮ್ಮನ ದೋಣಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮುಳುಗಿತೆಂಬ ಸುದ್ದಿ ಬಂತು. ಅವನ ಶರೀರ ಮೊದಲು ಸಿಕ್ಕಿತು, ದೋಣಿ ಆಮೇಲೆ. ಅದರ ತಳದಲ್ಲಿ ಅಂಗೈಯಗಲದ ತೂತಿತ್ತು.

ಉತ್ತರಕ್ರಿಯೆ ಮುಗಿಸಿದವನೇ, ಆ ದೋಣಿ ಕಟ್ಟಿಕೊಟ್ಟಿದ್ದ ಇನಾಸನನ್ನು ದಡಕ್ಕೆ ಕರೆಸಿದೆ.

"ಅಲ್ಯೂಮಿನಿಯಂ ನೀರಲ್ಲಿ ತುಕ್ಕು ಹಿಡಿಯೂದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರ್ತದೆ ಅಂದಿದ್ದೆ. ಎರಡೇ ವರ್ಷಕ್ಕೆ ತೂತಾಯ್ತಲ್ಲೋ! ಕಳಪೆ ತಗಡು ಹಾಕಿ ನನ್ನ ತಮ್ಮನನ್ನ ಕೊಂದೆ."

ಇನಾಸ ದೋಣಿಯ ಬದಿಗೆ ಸುತ್ತಿಗೆಯಿಂದ ಬಡಿದ.

"ಕೇಳಿ ಅಜ್ಜ, ಗಂಟೆ ಹಾಗೆ ಅದೆ. ಉಳಿದ ಕಡೆ ತುಕ್ಕಿನ ಒಂದು ಚುಕ್ಕೆ ತೋರ್ಸಿ, ನನ್ನ ಅಂಗಡಿಗೆ ನಾನೇ ಬೆಂಕಿ ಹಾಕ್ತೆ. ಉಪ್ಪುನೀರಲ್ಲಿ ತಾಮ್ರ ತಾಗಿಕೊಂಡಿದ್ರೆ ಮಾತ್ರ ಇದು ಹೀಗೆ ತಿಂದು ಹೋಗೂದು."

ಅವನು ಒಳಗಿನ ಹಲಗೆ ಎಬ್ಬಿಸಿ, ತೂತಿನ ಅಂಚಿಗೆ ಕಚ್ಚಿಕೊಂಡಿದ್ದ ತಾಮ್ರದ ತಗಡೊಂದನ್ನು ಕಿತ್ತು ನನ್ನ ಕೈಗಿಟ್ಟ.

"ಏನೋ ಮಂತ್ರ ಬರ್ದದೆ. ಯಾರು ಇಟ್ಟದ್ದು, ಅಜ್ಜ?"

ಭಗವಂತಾ, ಅವನ ರಕ್ಷೆಗೆಂದು ನಿನ್ನ ಯಂತ್ರವನ್ನು ಅವನಿಗೂ ಹೇಳದೆ ಅಲ್ಲಿಟ್ಟವನು ನಾನು. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.