ಹೊರೆ ಇಳಿದ ಮೇಲೆ

ಹೊಸ ಶಾಲೆಯ ತಾರಸಿಯ ಮೇಲೆ ಗಟ್ಟಿತನ ಪರೀಕ್ಷಿಸಲು ಮರಳಿನ ಮೂಟೆಗಳನ್ನು ಪೇರಿಸಿ ಒಂದು ದಿನ ಕಳೆದಿತ್ತು. ತಾರಸಿ ಬಿದ್ದಿರಲಿಲ್ಲ.

"ತಾರಸಿಗೆ ಹಾಕೋ ಕಬ್ಬಿಣ ಕದ್ದಿದ್ದೀನಿ ಅಂದ್ರಲ್ಲ ಮೇಡಂ, ಎಲ್ಲಿ ಬಿತ್ತು?" ಕಂಟ್ರಾಕ್ಟರ್ ಊರವರ ಮುಂದೆಯೇ ಎಂಜಿನಿಯರಮ್ಮನನ್ನು ಕೆಣಕಿದ. "ಸೋಮವಾರ ಮಕ್ಕಳು ಒಳಗೆ ಕೂರಬೇಕು. ಸೈನು ಹಾಕಿ, ಹೊರಡಿ."

"ತಾರಸಿ ಬಾಗಿದೆ."

"ಅಷ್ಟು ಭಾರ ಹೊತ್ರೆ ನೀವೂ ಬಾಗ್ತೀರಿ!"

ಎಲ್ಲರೂ ನಕ್ಕರು.

"ಇಳಿಸಿದ ಮೇಲೆ ನೆಟ್ಟಗಾಗ್ತೀನಿ," ಎಂದಳು ಅವಳು. "ಒಳಗೆ ಸಾಕಷ್ಟು ಕಬ್ಬಿಣ ಇದ್ರೆ ಇದೂ ನೆಟ್ಟಗಾಗುತ್ತೆ. ಆಗ ಸೈನು ಹಾಕ್ತೀನಿ. ಮೂಟೆ ಇಳಿಸಿ."

"ಇಳಿಸ್ರೋ! ಇವಳ ಹಟಾನೂ ಮುಗೀಲಿ."

ಮರುದಿನ ಇಬ್ಬರೂ ಬಂದು ಅಳತೆ ನೋಡಿದರು. ಮೇಲೆ ಒಂದು ಮೂಟೆಯೂ ಇರಲಿಲ್ಲ. ತಾರಸಿ ಮಾತ್ರ ಎಲ್ಲವನ್ನೂ ಇನ್ನೂ ಹೊತ್ತುಕೊಂಡಿರುವಂತೆ ಬಾಗಿಯೇ ಇತ್ತು.